ರೋಲ್ಯಾಂಡ್ ಟಿಆರ್-08: ಸದ್ದಿಗೆ ಪೂರ್ತಿ ಅಂಕ, ಬೆರಳಿಗೆ ಅರ್ಧ

ಈಗಿನ ರ‍್ಯಾಪ್ ಹಾಡುಗಳಲ್ಲಿ, ಕನ್ನಡದವೂ ಸೇರಿದಂತೆ, ತಳದಲ್ಲಿ ಗುಂಯ್ಯೆಂದು ಎಳೆದುಕೊಂಡು ಹೋಗುವ ಒಂದು ಬೇಸ್ ಇರುತ್ತದಲ್ಲ, ಬೀಟ್ ಕಟ್ಟುವವರು ಅದನ್ನು ‘ಏಯ್ಟ್ ಓ ಏಯ್ಟ್’ ಎನ್ನುತ್ತಾರೆ. ರೋಲ್ಯಾಂಡ್ ಕಂಪನಿ 1980ರಲ್ಲಿ ತಂದು, ಸುಮಾರು 12,000 ಮಾರಿ, 1983ರಲ್ಲಿ ನಿಲ್ಲಿಸಿಬಿಟ್ಟ ಟಿಆರ್-808 ಡ್ರಮ್ ಮಷೀನಿನ, ಅಂದರೆ ತಾಳದ ಸದ್ದುಗಳನ್ನು ತಾನೇ ನುಡಿಸುವ ಪೆಟ್ಟಿಗೆಯ, ಹೆಸರು ಅದು. ಅಸಲಿ ಮಷೀನು ಈಗ ಸಂಗ್ರಾಹಕರ ಸೊತ್ತು, ಬೆಲೆ ಕೇಳುವ ಹಾಗಿಲ್ಲ. 2017ರಲ್ಲಿ ಅದೇ ಕಂಪನಿ ಬುಟೀಕ್ ಸರಣಿಯಲ್ಲಿ ಬಿಟ್ಟ ಟಿಆರ್-08 ಅದರ ಪುಟ್ಟ ರೂಪ. ಕೊಳ್ಳಬಹುದೇ? ಮನೆಯಲ್ಲಿ ಕೂತು ಹಾಡು ಕಟ್ಟುವವರು ಕೊಳ್ಳಬಹುದು. ವೇದಿಕೆಯವರು ಎರಡು ಸಲ ಯೋಚಿಸಬೇಕು.

ಮೊದಲು ಸದ್ದಿನ ವಿಷಯ. ಹಳೆಯ 808ರಲ್ಲಿ ರೆಕಾರ್ಡ್ ಮಾಡಿಟ್ಟ ಡ್ರಮ್ ಒಂದೂ ಇರಲಿಲ್ಲ. ಎಲ್ಲ ಸದ್ದೂ ಸರ್ಕ್ಯೂಟಿನಲ್ಲೇ ಹುಟ್ಟುತ್ತಿತ್ತು. ಕೌಬೆಲ್ (ಹಸುವಿನ ಕೊರಳ ಗಂಟೆಯಂಥ ವಾದ್ಯ) ಎಂದರೆ 540 ಮತ್ತು 800 ಹರ್ಟ್ಸಿನ ಎರಡು ಸ್ಕ್ವೇರ್ ವೇವ್ (ಚೌಕಾಕಾರದ ವಿದ್ಯುತ್ ಅಲೆ), ಅಷ್ಟೆ. ಸ್ವರದ ಲೆಕ್ಕದಲ್ಲಿ ನೋಡಿದರೆ ಷಡ್ಜದ ಮೇಲೆ ಸ್ವಲ್ಪ ಇಳಿದ ಪಂಚಮ. ಅದು ಯಾವ ಹಾಡಿನ ಗುಂಪಿನಲ್ಲೂ ಎದ್ದು ಕೇಳಿಸುತ್ತದೆ. 808ರ ಚುರುಚುರು ಸದ್ದಿನ ಹಿಂದೆ ಇನ್ನೊಂದು ಕಥೆಯಿದೆ. ರೋಲ್ಯಾಂಡ್ ಸ್ಥಾಪಿಸಿದ ಇಕುತಾರೊ ಕಾಕೆಹಾಶಿ ಹುಡುಗನಾಗಿದ್ದಾಗ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಕಾರ್ಖಾನೆಗಳು ದೋಷವಿದೆಯೆಂದು ತಳ್ಳಿಹಾಕಿದ ಟ್ರಾನ್ಸಿಸ್ಟರುಗಳನ್ನು ಬೇಕೆಂದೇ ಕೊಂಡು 808ಕ್ಕೆ ಹಾಕಿಸಿದರು. ಸೆಮಿಕಂಡಕ್ಟರ್ ತಯಾರಿಕೆ ಸುಧಾರಿಸಿ ಅಂಥ ಕೆಟ್ಟ ಮಾಲು ಸಿಗದಂತಾದದ್ದು ಮಷೀನು ನಿಂತದ್ದಕ್ಕೆ ಒಂದು ಕಾರಣ.

ಟಿಆರ್-08 ಅನಲಾಗ್ ಅಲ್ಲ, ಅಂದರೆ ಸದ್ದು ನೇರವಾಗಿ ಸರ್ಕ್ಯೂಟಿನಲ್ಲಿ ಹುಟ್ಟುವುದಿಲ್ಲ. ಆ ಸರ್ಕ್ಯೂಟಿನ ನಡವಳಿಕೆಯನ್ನು ಸಾಫ್ಟ್‌ವೇರ್ ಲೆಕ್ಕ ಹಾಕಿ ಅನುಕರಿಸುತ್ತದೆ. ಕೇಳುವವನಿಗೆ ಗೊತ್ತಾಗುತ್ತದೆಯೇ? ಕಿಕ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್ಮಿನ ಪೆಟ್ಟು), ಕ್ಲ್ಯಾಪ್ (ಚಪ್ಪಾಳೆ), ಕೌಬೆಲ್‌ಗಳಲ್ಲಿ ಇಲ್ಲ. ಸಿಂಬಲ್ (ಲೋಹದ ತಟ್ಟೆ) ಒಂದನ್ನೇ ಜೋರಾಗಿಟ್ಟು ಹೆಡ್‌ಫೋನಿನಲ್ಲಿ ಕೇಳಿದರೆ ವಾದ ಮಾಡಬಹುದು. ಹಾಡಿನೊಳಗೆ ಸೇರಿದ ಮೇಲೆ ಆ ವಾದಕ್ಕೆ ಅರ್ಥವಿಲ್ಲ.

ಈ ಸದ್ದು ಜನಪ್ರಿಯ ಸಂಗೀತವನ್ನು ಬದಲಿಸಿದ್ದು 1982ರಲ್ಲಿ. ಸಾಲ, ತೆರಿಗೆ, ಮಾದಕ ವ್ಯಸನಗಳಿಂದ ಬೇಸತ್ತು ಬೆಲ್ಜಿಯಮ್‌ನ ಒಸ್ಟೆಂಡ್ ಸೇರಿದ್ದ ಅಮೆರಿಕದ ಗಾಯಕ ಮಾರ್ವಿನ್ ಗೇ, ವಾದ್ಯಮೇಳದ ಹಂಗಿಲ್ಲದೆ 808ರ ಮೇಲೆ ‘ಸೆಕ್ಷುಯಲ್ ಹೀಲಿಂಗ್’ ಕಟ್ಟಿದ. ಅದಕ್ಕೆ ಗ್ರ್ಯಾಮಿ ಬಂತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ನಿರ್ಮಾಪಕ ಆರ್ಥರ್ ಬೇಕರ್, 808 ಇಟ್ಟುಕೊಂಡಿದ್ದ ಒಬ್ಬನನ್ನು ಪತ್ರಿಕೆಯ ಜಾಹೀರಾತಿನಲ್ಲಿ ಹುಡುಕಿ ಬಾಡಿಗೆಗೆ ಕರೆಸಿ, ಹಿಪ್‌ಹಾಪ್ ಡಿಜೆ ಆಫ್ರಿಕಾ ಬಂಬಾಟಾ ಜೊತೆ ‘ಪ್ಲಾನೆಟ್ ರಾಕ್’ ಮಾಡಿದ. ಮುಂಬೈಯಲ್ಲೂ ಅದೇ ವರ್ಷ, ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 808ರ ತಾಳಕ್ಕೆ ರೋಲ್ಯಾಂಡಿನದೇ ಟಿಬಿ-303 ಬೇಸ್ ಯಂತ್ರ ಮತ್ತು ಜುಪಿಟರ್-8 ಸಿಂಥಸೈಜರ್ ಸೇರಿಸಿ ಹತ್ತು ರಾಗಗಳ ಡಿಸ್ಕೊ ಆಲ್ಬಂ ರೆಕಾರ್ಡ್ ಮಾಡಿದರು. ಆಗ ಯಾರೂ ಕೊಳ್ಳಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ, ಇದೇ ಬಗೆಯ ಸದ್ದಿನ, ಶಿಕಾಗೊದ ನೃತ್ಯಸಂಗೀತ ಆ್ಯಸಿಡ್ ಹೌಸ್‌ಗಿಂತ ಐದು ವರ್ಷ ಮೊದಲೇ ಇದು ಹೇಗೆ ಬಂತು ಎಂದು ಯುರೋಪಿನವರು ತಲೆ ಕೆರೆದುಕೊಂಡರು.

ಇವರೆಲ್ಲ ಬಳಸಿದ ಕ್ರಮವೇ ಟಿಆರ್-08ರಲ್ಲೂ ಇದೆ. ಕೆಳಗೆ ಬಣ್ಣದ ಬಟನ್ ಹದಿನಾರು, ಒಂದೊಂದೂ ತಾಳದ ಒಂದು ಹೆಜ್ಜೆ, ಅಂದರೆ ಸ್ಟೆಪ್. ಮೋಡ್ ನಾಬನ್ನು ಪ್ಯಾಟರ್ನ್ ಬರೆಯುವ ಜಾಗಕ್ಕೆ ತಿರುಗಿಸಿ, ಸ್ಟಾರ್ಟ್ ಒತ್ತಿ, ವಾದ್ಯ ಆರಿಸಿ, ಬೇಕಾದ ಬಟನ್ ಒತ್ತುತ್ತ ಹೋದರೆ ಓಡುತ್ತಿರುವಾಗಲೇ ತಾಳ ಕಟ್ಟಿಕೊಳ್ಳುತ್ತದೆ. ಕಿಕ್ 1, 5, 9, 13ರಲ್ಲಿ, ಕ್ಲ್ಯಾಪ್ 5, 13ರಲ್ಲಿ, ಹೈಹ್ಯಾಟ್ (ಜೋಡಿ ಸಿಂಬಲ್) ಬೆಸ ಸಂಖ್ಯೆಗಳಲ್ಲಿ ಇಟ್ಟರೆ ಡಿಸ್ಕೊ ತಯಾರು. ನಮ್ಮ ತಾಳಗಳಿಗೂ ದಾರಿಯಿದೆ, ಕೊನೆಯ ಸ್ಟೆಪ್ ಎಲ್ಲಿ ಎಂದು ಬದಲಿಸಿಕೊಂಡರಾಯಿತು. ರೂಪಕಕ್ಕೆ 12. ಮಿಶ್ರಛಾಪಿಗೆ 14 ಇಟ್ಟು ಪೆಟ್ಟುಗಳನ್ನು 1, 7, 11ರಲ್ಲಿ ಹಾಕಿ. ಖಂಡಛಾಪಿಗೆ 10 ಇಟ್ಟು 1 ಮತ್ತು 5. ಉದ್ದ ಬೇಕಾದರೆ ಎರಡನೇ ಭಾಗ ಸೇರಿಸಿ 32 ಸ್ಟೆಪ್‌ವರೆಗೆ ಹೋಗಬಹುದು. ಟ್ರ್ಯಾಪ್ (ರ‍್ಯಾಪಿನ ಒಂದು ಬಗೆ) ಶೈಲಿಯ ಹೈಹ್ಯಾಟ್ ಉರುಳಿಕೆಗೆ, ಒಂದು ಸ್ಟೆಪ್ಪನ್ನು ಇನ್ನೂ ಚಿಕ್ಕದಾಗಿ ಒಡೆಯುವ, ಹಳೆಯದರಲ್ಲಿ ಇಲ್ಲದ ಸಬ್-ಸ್ಟೆಪ್ ಸೌಲಭ್ಯ ಇಲ್ಲಿದೆ.

ಎಡವಟ್ಟಾಗುವುದು ಹೆಚ್ಚಾಗಿ ಕಿಕ್‌ನಲ್ಲಿ. 808ರ ಕಿಕ್ ಸುಮಾರು 50 ಹರ್ಟ್ಸಿನಲ್ಲಿ ಮಿಡಿಯುತ್ತದೆ, ಅಂದರೆ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಐದರ ಆಸುಪಾಸು. ಡಿಕೇ (ಸದ್ದು ಆರಲು ಹಿಡಿಯುವ ಹೊತ್ತು) ಗಿಡ್ಡವಿದ್ದರೆ ಅದು ಬರೀ ಪೆಟ್ಟು, ಶ್ರುತಿಯ ಗೊಡವೆಯಿಲ್ಲ. ಡಿಕೇ ಉದ್ದ ಮಾಡಿದ ಕೂಡಲೇ ಅದು ಸ್ವರವಾಗುತ್ತದೆ. ಹಾಡು ಕಪ್ಪು ಒಂದರಲ್ಲಿದ್ದರೆ ಕಿಕ್ ಪ್ರತಿಮಧ್ಯಮ ಹಿಡಿದು ಕೂತಂತೆ. ಶುದ್ಧಮಧ್ಯಮದ ರಾಗವಾದರೆ ಗಾಯಕನಿಗೆ ಶ್ರುತಿ ನಿಲ್ಲುವುದಿಲ್ಲ, ತಪ್ಪು ಯಾರದೆಂದೂ ಗೊತ್ತಾಗುವುದಿಲ್ಲ. ಅಸಲಿ 808ರ ಕಿಕ್‌ಗೆ ಟ್ಯೂನಿಂಗ್ ನಾಬ್ ಇರಲಿಲ್ಲ. ಟಿಆರ್-08ರಲ್ಲಿ ಮೆನುವಿನೊಳಗೆ ಟ್ಯೂನ್ ಇದೆ, ಕಿಕ್ ಮತ್ತು ಸ್ನೇರ್‌ಗೆ (ಬಿರುಸು ಸದ್ದಿನ ಚಿಕ್ಕ ಡ್ರಮ್) ಏರಿಳಿತ ತಗ್ಗಿಸಿ ಸದ್ದು ಗಟ್ಟಿಮಾಡುವ ಕಂಪ್ರೆಸರ್ ಕೂಡ ಇದೆ. ಡಿಕೇ ಪೂರ್ತಿ ತೆರೆದು, ತಂಬೂರಿ ಹಾಕಿಕೊಂಡು, ಷಡ್ಜಕ್ಕೋ ಪಂಚಮಕ್ಕೋ ಕಿವಿಯಿಂದಲೇ ಹೊಂದಿಸಿ, ಆಮೇಲೆ ಡಿಕೇ ಇಳಿಸಿಕೊಳ್ಳುವುದು ಸರಿಯಾದ ಕ್ರಮ. ಕಂಪ್ರೆಸರ್ ಕೊನೆಗಿರಲಿ. ಮೊದಲೇ ಏರಿಸಿದರೆ ಒಡಕು ಸದ್ದು ಬರುತ್ತದೆ.

ಈ ಕೆಲಸ ಮಷೀನಿನ ಸ್ವಂತ ಸ್ಪೀಕರಿನಲ್ಲಾಗಲಿ, ಫೋನ್, ಲ್ಯಾಪ್‌ಟಾಪಿನಲ್ಲಾಗಲಿ ಆಗದು. ಅಷ್ಟು ಸಣ್ಣ ಸ್ಪೀಕರಿಗೆ 50 ಹರ್ಟ್ಸ್ ಬರುವುದೇ ಇಲ್ಲ. ಕಿಕ್ ಕೇಳದೆಂದು ವಾಲ್ಯೂಮ್ ಏರಿಸಿ ಮಿಕ್ಸ್ ಮಾಡಿದರೆ ಮದುವೆ ಮನೆಯ ಸಬ್‌ವೂಫರಿನಲ್ಲಿ ಶಾಮಿಯಾನ ಅದುರುತ್ತದೆ.

ವೈರಿಂಗಿನಲ್ಲೂ ಜೋಪಾನ. ಔಟ್‌ಪುಟ್ ಒಂದೇ 3.5 ಮಿಮೀ ಸ್ಟೀರಿಯೊ ಜ್ಯಾಕ್. ಸ್ಟೀರಿಯೊ ಪಿನ್ ಎರಡೂ ತುದಿಗಿರುವ ಒಂಟಿ ಕೇಬಲನ್ನು ಮಿಕ್ಸರಿನ ಬ್ಯಾಲೆನ್ಸ್ಡ್ (ಎರಡು ತಂತಿಗಳ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವ) ಚಾನೆಲ್‌ಗೆ ಚುಚ್ಚಿದರೆ ಎಡ-ಬಲಗಳು ಒಂದನ್ನೊಂದು ಕಳೆದುಹಾಕಿ, ನಡುವಿನಲ್ಲಿರುವ ಕಿಕ್, ಸ್ನೇರ್ ಮಾಯ. ಮಷೀನು ಕೆಟ್ಟಿದೆ ಎಂದು ಅಂಗಡಿಗೆ ಹೊತ್ತೊಯ್ಯುವ ಮೊದಲು ಕೇಬಲ್ ನೋಡಿ. ಒಂದು ಸ್ಟೀರಿಯೊ ಪಿನ್ ಎರಡು ಮಾನೊ ಪಿನ್ನಾಗಿ ಕವಲೊಡೆಯುವ ಕೇಬಲ್ ಬೇಕು. ಪವರ್ ಅಡಾಪ್ಟರ್ ಡಬ್ಬಿಯಲ್ಲಿಲ್ಲ, ನಾಲ್ಕು ಎಎ ಸೆಲ್ ಅಥವಾ ಮೈಕ್ರೊ ಯುಎಸ್‌ಬಿ. ಲ್ಯಾಪ್‌ಟಾಪಿಗೆ ಜೋಡಿಸಿದಾಗ ಗುಂಯ್‌ಗುಡುವ ಹಮ್ ಬಂದರೆ ಯುಎಸ್‌ಬಿ ಕಿತ್ತು ಸೆಲ್ ಮೇಲೆ ಓಡಿಸಿ. ಹಮ್ ನಿಂತಿತೆಂದರೆ ಅದು ಗ್ರೌಂಡ್ ಲೂಪ್, ಉಪಕರಣಗಳ ಅರ್ಥಿಂಗ್ ಸುತ್ತಿಕೊಂಡು ಬರುವ ಸದ್ದು. ಕಂಪ್ಯೂಟರಿಗೆ ಮಷೀನು ಕಾಣಿಸದಿದ್ದರೆ ಕೇಬಲ್ ಬರೀ ಚಾರ್ಜಿಂಗಿನದಿರಬಹುದು. ವಿಂಡೋಸ್‌ನಲ್ಲಿ ಡ್ರೈವರ್ ಮೊದಲು ಹಾಕಬೇಕು. ಇಷ್ಟಾದರೆ ಒಳ್ಳೆಯ ಫಲವಿದೆ: ವಾದ್ಯಗಳು ಯುಎಸ್‌ಬಿಯಲ್ಲಿ ಬೇರೆಬೇರೆ ಚಾನೆಲ್ಲಾಗಿ ಬರುತ್ತವೆ, ಕಿಕ್‌ಗೊಂದು ಇಕ್ಯೂ (ಬೇಸ್, ಟ್ರೆಬಲ್‌ಗಳ ಹೊಂದಾಣಿಕೆ), ಕ್ಲ್ಯಾಪ್‌ಗೊಂದು ರಿವರ್ಬ್ (ಅನುರಣನ) ಕೊಡಬಹುದು.

ದೊಡ್ಡ ಕೊರತೆ ಗಾತ್ರ. ಅಗಲ ಸುಮಾರು ಒಂದು ಅಡಿ, ಅದರಲ್ಲೇ ಎಲ್ಲ ನಾಬ್‌ಗಳೂ. ಕಿಕ್ ಡಿಕೇ ತಿರುಗಿಸಲು ಹೋಗಿ ಪಕ್ಕದ್ದು ತಿರುಗುತ್ತದೆ. ಕತ್ತಲ ವೇದಿಕೆಯಲ್ಲಿ ಇದು ನಿಜವಾದ ತೊಂದರೆ. ಅಂಥವರಿಗೆ ದೊಡ್ಡ ಬಟನ್, ವಾದ್ಯಕ್ಕೊಂದು ದೊಡ್ಡ ಜ್ಯಾಕ್, 64 ಸ್ಟೆಪ್ ಇರುವ ಬೆಹ್ರಿಂಗರ್ ಆರ್‌ಡಿ-8 ಮೇಲು, ಅದು ಅನಲಾಗ್ ಕೂಡ. ಬರೀ ಸದ್ದು ಸಾಕೆನ್ನುವವರಿಗೆ 808ರ ಸ್ಯಾಂಪಲ್‌ಗಳು (ರೆಕಾರ್ಡ್ ಮಾಡಿಟ್ಟ ಸದ್ದಿನ ತುಣುಕುಗಳು) ಇಂಟರ್ನೆಟ್ಟಿನಲ್ಲಿ ಬೇಕಾದಷ್ಟಿವೆ. ಪೆಟ್ಟಿಗೆಯ ಲಾಭ ಬೇರೆ. ಪರದೆ ನೋಡದೆ, ಹನ್ನೊಂದೇ ವಾದ್ಯಗಳಲ್ಲಿ, ಕೈ ಆಡಿಸುತ್ತ ಹಾಡಿನ ಅಡಿಪಾಯ ಮುಗಿಯುತ್ತದೆ. ಒಸ್ಟೆಂಡಿನಲ್ಲಿ ಆದದ್ದೂ ಅದೇ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ದುಡ್ಡು ಕೊಡುವ ಮೊದಲು ಮೂರು ನೋಡಿ: ಮೈಕ್ರೊ ಯುಎಸ್‌ಬಿ ಪೋರ್ಟ್ ಅಲುಗಾಡುತ್ತದೆಯೇ, ಸೆಲ್ ಸೋರಿ ಸ್ಪ್ರಿಂಗ್ ಹಸಿರುಗಟ್ಟಿದೆಯೇ, ಹದಿನಾರೂ ಬಟನ್ ಒಂದೇ ಒತ್ತಿಗೆ ಒಂದೇ ಸಲ ಬೆಳಗುತ್ತವೆಯೇ. ಪೋರ್ಟ್ ಸಡಿಲವಿದ್ದರೆ ಬೆಲೆ ಎಷ್ಟಿಳಿಸಿದರೂ ಬೇಡ.