ಬಟ್ಟೆ ತಂತಿಯ ವೇಷದ ಹ್ಯಾಮ್ ಆಂಟೆನಾ: ಮೂರು ವರ್ಷ ಬಳಸಿದ ಮೇಲೆ

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮದು ಬಾಡಿಗೆ ಮನೆ. ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಬಂದ ವಾರವೇ ಆಂಟೆನಾ ಹಾಕಲಾ ಅಂತ ಮಾಲಕರನ್ನು ಕೇಳಿದೆ. "ಮಾಳಿಗಿ ಮ್ಯಾಲ ಕಂಬ ಗಿಂಬ ಬ್ಯಾಡ್ರಿ, ಸಿಡಿಲು ಬಡೀತದ" ಅಂದರು. ಬರೀ ತಂತಿ ಕಟ್ಟಲಾ ಅಂದೆ. "ಅರಿವಿ ಒಣಗಿಸ್ಲಿಕ್ಕಾ? ಕಟ್ಕೊಳ್ರಿ." ನಾನು ಸುಮ್ನೆ ತಲೆಯಾಡಿಸಿ ಬಂದೆ.

ಆಮೇಲೆ ಆನ್‌ಲೈನಲ್ಲಿ ಎಂಡ್-ಫೆಡ್ (ಒಂದೇ ತುದಿಗೆ ಕೇಬಲ್ ಜೋಡಿಸುವ) ಆಂಟೆನಾ ಕಿಟ್ ತರಿಸಿದೆ. ತಂತಿಯನ್ನು ರೇಡಿಯೊ ಕೇಬಲ್ಲಿಗೆ ಹೊಂದಿಸಲು ಸಾಬೂನು ಡಬ್ಬಿಯಷ್ಟು ದೊಡ್ಡ 49:1 ಟ್ರಾನ್ಸ್‌ಫಾರ್ಮರ್, ಜೊತೆಗೆ ಪ್ಲಾಸ್ಟಿಕ್ ಹೊದಿಕೆಯ ತಂತಿ. 40 ಮೀಟರ್ ಬ್ಯಾಂಡಿಗೆ (40 ಮೀಟರ್ ಅಂದರೆ ತರಂಗದ ಉದ್ದ) ಅದರ ಅರ್ಧ, ಸುಮಾರು 66 ಅಡಿ ತಂತಿ ಬೇಕು. ನಮ್ಮ ಮಾಳಿಗೆ ಇರೋದೇ 40 ಅಡಿ. ಮೂಲೆಯಲ್ಲಿ ತಿರುಗಿಸಿ ಎಳೆದೆ, ತುದಿಗಳಿಗೆ ನೈಲಾನ್ ಹಗ್ಗ ಕಟ್ಟಿದೆ. ಡಬ್ಬಿ ನೀರಿನ ಟ್ಯಾಂಕಿನ ಹಿಂದೆ ಹೋಯಿತು. ನಾಲ್ಕು ಕ್ಲಿಪ್ಪು, ಒಂದು ಹಳೇ ಟವೆಲ್ಲು. ಯಾರಿಗೂ ಅನುಮಾನ ಬರಲಿಲ್ಲ.

ಕೆಲಸ ಹೇಗೆ ಮಾಡುತ್ತೆ? ಹಗಲು ಹೊತ್ತು ಹೈದರಾಬಾದ್, ಪುಣೆ, ಬೆಂಗಳೂರು ಆರಾಮಾಗಿ ಸಿಗುತ್ತವೆ. ತಂತಿ ತುಂಬಾ ಕೆಳಗಿದೆ. ಹಾಗಾಗಿ ತರಂಗ ನೆಟ್ಟಗೆ ಮೇಲೆ ಹೋಗಿ ಹತ್ತಿರದ ಊರುಗಳಿಗೇ ಇಳಿಯುತ್ತದೆ. ದೂರದ ದೇಶಗಳ ಆಸೆ ಇದ್ದವರಿಗೆ ಇದು ಸಾಲದು. ಗದ್ದಲವೂ ಜಾಸ್ತಿ. ಓಣಿಯ ಎಲ್‌ಇಡಿ ಬಲ್ಬು, ಇನ್ವರ್ಟರುಗಳ ಗರಗರ ಎಲ್ಲ ಇದರೊಳಗೇ ಬರುತ್ತದೆ. ಕರೆಂಟು ಹೋದರೆ ಮನೆಯವರೆಲ್ಲ ಬೈತಾರೆ, ನಾನು ಮಾತ್ರ ಬ್ಯಾಟರಿ ಹಚ್ಚಿ ಹೆಡ್‌ಫೋನ್ ಹಾಕಿಕೊಳ್ತೀನಿ.

ವೇಷ ಸ್ವಲ್ಪ ಜಾಸ್ತಿಯೇ ಚೆನ್ನಾಗಿತ್ತು, ಅದೇ ತೊಂದರೆ ಆಯಿತು. ಒಂದು ದಿನ ಎಸ್‌ಡಬ್ಲ್ಯೂಆರ್ (ಆಂಟೆನಾ ರೇಡಿಯೊಗೆ ಎಷ್ಟು ಹೊಂದಿದೆ ಅನ್ನೋ ಅಳತೆ, 1ಕ್ಕೆ ಹತ್ತಿರ ಇದ್ದಷ್ಟು ಒಳ್ಳೇದು) ಇದ್ದಕ್ಕಿದ್ದಂತೆ 1.5ರಿಂದ 4ರ ಮೇಲೆ ಹಾರಿತು. ಮೇಲೆ ಓಡಿ ನೋಡಿದರೆ ಬಾಜು ಮನೆಯ ಕಾಕು ಒಗೆದ ಕೌದಿ ಹಾಕಿದ್ದಾರೆ. ನೀರು ಟಪಟಪ ತೊಟ್ಟಿಕ್ಕುತ್ತಿದೆ, ತಂತಿ ಸೊಂಟದ ಮಟ್ಟಕ್ಕೆ ಜೋತುಬಿದ್ದಿದೆ. "ಯಪ್ಪಾ, ನಿಮ್ಮ ತಂತಿ ಖಾಲಿ ಇತ್ತಲ್ಲ, ಅದಕ್ಕ ಹಾಕೀನಿ" ಅಂದರು. ನನಗೆ ಎದೆ ಧಸಕ್ ಅಂತು. 20 ವ್ಯಾಟ್ ಕೊಟ್ಟರೂ ಈ ತಂತಿಯ ತುದಿಯಲ್ಲಿ 220 ವೋಲ್ಟ್ ಹತ್ತಿರ ಇರುತ್ತದೆ. ಹೊದಿಕೆ ಹರಿದ ಕಡೆ ಮುಟ್ಟಿದರೆ ಬೆರಳು ಸುಡುತ್ತದೆ. ಅವತ್ತೇ ಕೆಳಗೆ ಇನ್ನೊಂದು ತಂತಿ, ನಿಜವಾದದ್ದು, ಕಟ್ಟಿ ಕಾಕುಗೆ ಒಪ್ಪಿಸಿದೆ. ಆಂಟೆನಾವನ್ನು ಕೈಗೆಟುಕದಷ್ಟು ಮೇಲಕ್ಕೆ ಎಳೆದೆ. ನೀವು ಹಾಕೋದಾದರೆ ಮೊದಲೇ ಹಾಗೆ ಮಾಡಿ.

ಇನ್ನು ಡಬ್ಬಿ. ಮೊದಲ ಬೇಸಿಗೆಗೇ ಮುಚ್ಚಳದ ಹಾಟ್ ಗ್ಲೂ ಕರಗಿ ಇಳಿಯಿತು. ಮಳೆಗಾಲದಲ್ಲಿ ಒಳಗೆ ನೀರು, ಸ್ಕ್ರೂಗೆ ತುಕ್ಕು. ಮಾರಿದವರಿಗೆ ಎರಡು ಸಲ ಬರೆದೆ, ಉತ್ತರ ಇಲ್ಲ. ಎಂ-ಸೀಲ್ ಮೆತ್ತಿದ ಮೇಲೆ ತಕರಾರಿಲ್ಲ. ಮಾಲಕರ ಸಿಡಿಲಿನ ಮಾತು ಸುಳ್ಳಲ್ಲ, ಮೋಡ ಕಟ್ಟಿದರೆ ಕೇಬಲ್ ಕಿತ್ತು ಕಿಟಕಿಯಾಚೆ ಬಿಡ್ತೀನಿ.

ಊರೊಳಗಿನ ಮಾತಿಗೆ 2 ಮೀಟರ್ ಬ್ಯಾಂಡಿನ ಆಂಟೆನಾ ಬೇರೆ ಇದೆ. ಹಳೇ ಟಿವಿಯ ಚಪ್ಪಟೆ ವೈರಿನಿಂದ ಮಾಡಿ ಪಿವಿಸಿ ಪೈಪಿನೊಳಗೆ ಇಳಿಬಿಟ್ಟು, ಬಚ್ಚಲಿನ ಗಾಳಿ ಪೈಪಿನ ಪಕ್ಕ ನಿಲ್ಲಿಸಿದ್ದೀನಿ. ಪೈಪಿಗೆ ಹಾಕಿದ ಮೇಲೆ ಫ್ರೀಕ್ವೆನ್ಸಿ ಸ್ವಲ್ಪ ಇಳಿಯುತ್ತದೆ, ಅದಕ್ಕೆ ಹಾಕಿದ ಮೇಲೇ ಕತ್ತರಿಸಿ ಹೊಂದಿಸಬೇಕು. ಇದರ ಬಗ್ಗೆ ದೂರೇ ಇಲ್ಲ.

ಐದಕ್ಕೆ ಮೂರೂವರೆ ಕೊಡ್ತೀನಿ. ಇದೇ ಕಿಟ್ ಮತ್ತೆ ತರಿಸಲ್ಲ. ಫೆರೈಟ್ ರಿಂಗ್ (ತಂತಿ ಸುತ್ತುವ ಕಾಂತೀಯ ಬಳೆ) ತಂದು ಡಬ್ಬಿಯೊಳಗಿನ ಟ್ರಾನ್ಸ್‌ಫಾರ್ಮರಿನ 2 ಸುತ್ತು, 14 ಸುತ್ತು ನಾನೇ ಸುತ್ತಿಕೊಳ್ತೀನಿ. ಕ್ಲಿಪ್ಪುಗಳು ಮಾತ್ರ ಅವೇ ಇರಲಿ.