ರೌಟರಿಗೆ ಪೆನ್ ಡ್ರೈವ್ ಹಚ್ಚಿ ಮರೆಯಬೇಡಿ: ಕಲಬುರಗಿಯ ಒಂದು ಮನೆಯಲ್ಲಿ ಆದ ನಷ್ಟ

ಕಲಬುರಗಿಯ ಒಂದು ಮನೆಯಲ್ಲಿ ಎರಡು ವರ್ಷದ ಫೋಟೊಗಳು, ಮಗಳ ಮದುವೆಯ ವಿಡಿಯೊ, ಎರಡು ಕ್ಯಾಮೆರಾಗಳ ರೆಕಾರ್ಡಿಂಗ್ ಮೇ ತಿಂಗಳ ಒಂದೇ ಸಂಜೆಗೆ ಹೋದವು. ಎಲ್ಲವೂ ಇದ್ದದ್ದು ರೌಟರಿನ ಹಿಂದೆ ಹಚ್ಚಿದ್ದ 128 ಜಿಬಿಯ ಒಂದು ಪೆನ್ ಡ್ರೈವಿನಲ್ಲಿ. ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ಕೊನೆಗೆ ರೌಟರ್ ಎದ್ದಾಗ ಡ್ರೈವ್ ಕಾಣಲಿಲ್ಲ. ಕಂಪ್ಯೂಟರಿಗೆ ಹಚ್ಚಿ ನೋಡಿದರೆ ಗಾತ್ರ 0 ಬೈಟ್. ಕಂಪನಿಯ ಹೆಸರಿರಬೇಕಾದ ಕಡೆ ಡ್ರೈವನ್ನು ಒಳಗಿನಿಂದ ನಡೆಸುವ ಕಂಟ್ರೋಲರ್ ಚಿಪ್ಪಿನ ಹೆಸರು. ಈ ಎರಡು ಲಕ್ಷಣ ಒಟ್ಟಿಗೆ ಕಂಡರೆ ಮನೆಯಲ್ಲಿ ಕೂತು ಓಡಿಸುವ ಯಾವ ರಿಕವರಿ ಸಾಫ್ಟ್‌ವೇರಿಗೂ ಅದರೊಳಗಿನದು ಸಿಗುವುದಿಲ್ಲ.

"ಮನ್ಯಾಗ ಹಳೇ ಪೆನ್ ಡ್ರೈವ್ ಅದ, ರೌಟರಿಗಿ ಹಚ್ಚಿದ್ರ ನಡೀತದೇನ್ರಿ?" ಎಂದು ಕೇಳುವವರು ನಮ್ಮ ಕಡೆ ಬಹಳ. ನಡೆಯುತ್ತದೆ. ಮೊದಲ ಕೆಲವು ತಿಂಗಳು ಯಾವ ತಕರಾರೂ ಇಲ್ಲದೆ ನಡೆಯುತ್ತದೆ, ಮನೆಯವರು ನಂಬಿ ಮೊಬೈಲಿನ ಫೋಟೊ ಅಳಿಸಿಬಿಡುತ್ತಾರೆ. ಹಾನಿ ಇರುವುದು ಅಲ್ಲಿಯೇ.

ಮೇಲಿನ ಮನೆಯ ಲೆಕ್ಕವನ್ನೇ ಮಾಡೋಣ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಕಳಿಸಿದರೆ ಸೆಕೆಂಡಿಗೆ 0.25 ಎಂಬಿ, ದಿನಕ್ಕೆ 21.6 ಜಿಬಿ. ಎರಡು ಕ್ಯಾಮೆರಾಗೆ ದಿನಕ್ಕೆ 43.2 ಜಿಬಿ, ವರ್ಷಕ್ಕೆ ಸುಮಾರು 15.8 ಟಿಬಿ. ಫೋಟೊ, ವಿಡಿಯೊ ತುಂಬಿ ಡ್ರೈವಿನಲ್ಲಿ ಖಾಲಿ ಉಳಿದಿದ್ದದ್ದು ಸುಮಾರು 60 ಜಿಬಿ. ಅಂದರೆ ಆ ಖಾಲಿ ಜಾಗವನ್ನು ವರ್ಷಕ್ಕೆ ಇನ್ನೂರ ಅರವತ್ತಕ್ಕೂ ಹೆಚ್ಚು ಸಲ ಅಳಿಸಿ ಬರೆದಂತಾಯಿತು. ಇದು ಕಾಗದದ ಮೇಲಿನ ಲೆಕ್ಕ. ಪೆನ್ ಡ್ರೈವಿನೊಳಗಿನ ಫ್ಲ್ಯಾಶ್ ಮೆಮೊರಿಯಲ್ಲಿ ಸಣ್ಣ ತುಂಡನ್ನು ಬೇಕಾದ ಕಡೆ ತಿದ್ದಲು ಬರುವುದಿಲ್ಲ. ಹಲವು ಎಂಬಿಯ ಬ್ಲಾಕನ್ನು ಪೂರ್ತಿ ಅಳಿಸಿದ ಮೇಲೆಯೇ ಮತ್ತೆ ಬರೆಯಬೇಕು. ಕ್ಯಾಮೆರಾ ಸಣ್ಣ ಸಣ್ಣ ತುಂಡುಗಳಾಗಿ ಕಳಿಸಿದಂತೆಲ್ಲ ಒಳಗೆ ಬರೆಯುವ ಪ್ರಮಾಣ ಎರಡು, ನಾಲ್ಕು, ಕೆಲವೊಮ್ಮೆ ಹತ್ತು ಪಟ್ಟು ಆಗುತ್ತದೆ. ಅಗ್ಗದ ಪೆನ್ ಡ್ರೈವಿನ ಫ್ಲ್ಯಾಶ್ ತಡೆಯುವುದು ಸಾಮಾನ್ಯವಾಗಿ ಕೆಲವು ನೂರರಿಂದ ಸಾವಿರದಷ್ಟು ಸಲದ ಅಳಿಸುವಿಕೆ ಮಾತ್ರ. ಒಂದು ವರ್ಷದೊಳಗೆ ಮುಗಿಯುವುದು ಸಹಜವೇ.

ಹಾರ್ಡ್ ಡಿಸ್ಕಿನ ಬದಲಿಗೆ ಬಳಸುವ ಎಸ್‌ಎಸ್‌ಡಿಯಲ್ಲಿರುವುದೂ ಫ್ಲ್ಯಾಶ್ ಮೆಮೊರಿಯೇ. ಆದರೆ ಅದರ ಕಂಟ್ರೋಲರ್ ಸವೆತವನ್ನು ಇಡೀ ಡಿಸ್ಕಿಗೆ ಹಂಚುತ್ತದೆ, ಅಲುಗದೆ ಕೂತ ಹಳೆಯ ಫೋಟೊಗಳನ್ನು ಸಹ ಎತ್ತಿ ಬೇರೆಡೆ ಇಟ್ಟು ಆ ಜಾಗವನ್ನು ಬಳಕೆಗೆ ತರುತ್ತದೆ, ಕೆಟ್ಟ ಬ್ಲಾಕಿನ ಬದಲಿಗೆ ಮೀಸಲು ಬ್ಲಾಕ್ ಹಾಕುತ್ತದೆ. ಎಷ್ಟು ಬರೆಯಬಹುದು ಎಂಬುದನ್ನು ಕಂಪನಿಯೇ ಟಿಬಿಡಬ್ಲ್ಯು ಎಂಬ ಅಂಕಿಯಲ್ಲಿ ಮುದ್ರಿಸಿರುತ್ತದೆ: ಕ್ರೂಶಿಯಲ್ ಬಿಎಕ್ಸ್500ರ 240 ಜಿಬಿಗೆ 80 ಟಿಬಿ, ಸ್ಯಾಮ್‌ಸಂಗ್ 870 ಇವೊದ 250 ಜಿಬಿಗೆ 150 ಟಿಬಿ. ವರ್ಷಕ್ಕೆ 15.8 ಟಿಬಿಯ ಲೆಕ್ಕದಲ್ಲಿ ಮೊದಲನೆಯದಕ್ಕೂ ಐದು ವರ್ಷ ಸಿಗುತ್ತದೆ. ಪೆನ್ ಡ್ರೈವಿನ ಪೊಟ್ಟಣದ ಮೇಲೆ ಇಂಥ ಅಂಕಿಯನ್ನು ಹುಡುಕಿ ನೋಡಿ, ಇರುವುದಿಲ್ಲ. ಅದರ ಆರೋಗ್ಯ ಕೇಳಿ ತಿಳಿಯುವ ದಾರಿಯೂ ಬಹುಮಟ್ಟಿಗೆ ಇಲ್ಲ. ಎಸ್‌ಎಸ್‌ಡಿಯನ್ನು ಸ್ಮಾರ್ಟ್‌ಸಿಟಿಎಲ್ ಎಂಬ ತಂತ್ರಾಂಶದ ಮೂಲಕ ಕೇಳಿದರೆ ಎಷ್ಟು ಬರೆದಿದೆ, ಎಷ್ಟು ಸವೆದಿದೆ, ಎಷ್ಟು ಸಲ ಹೇಳದೆ ಕರೆಂಟ್ ಹೋಗಿದೆ ಎಂಬುದನ್ನು ಹೇಳುತ್ತದೆ. ಅದು ಮೊದಲೇ ಎಚ್ಚರಿಸಬಲ್ಲದು, ಪೆನ್ ಡ್ರೈವಿಗೆ ಆಗುವುದಿಲ್ಲ.

ಈಗ ಕರೆಂಟಿನ ವಿಷಯ. ಬಹಳ ಮಂದಿ ತಪ್ಪು ತಿಳಿದಿರುವುದು ಇಲ್ಲಿ. "ಕರೆಂಟ್ ಹೋದಾಗ ಬರೆಯುತ್ತಿದ್ದ ಫೈಲ್ ಕೆಡಬಹುದು, ಹಳೆಯವು ಎಲ್ಲಿ ಹೋಗುತ್ತವೆ" ಎನ್ನುತ್ತಾರೆ. ಯಾವ ಫೈಲಿನ ತುಂಡು ಚಿಪ್ಪಿನ ಯಾವ ಮೂಲೆಯಲ್ಲಿದೆ ಎಂಬ ನಕ್ಷೆಯನ್ನು ಕಂಟ್ರೋಲರ್ ಅದೇ ಫ್ಲ್ಯಾಶ್ ಒಳಗೆ ಬರೆದಿಟ್ಟುಕೊಳ್ಳುತ್ತದೆ, ಬರೆದಂತೆಲ್ಲ ನಕ್ಷೆಯನ್ನೂ ತಿದ್ದುತ್ತದೆ. ನಕ್ಷೆ ತಿದ್ದುವ ಕ್ಷಣದಲ್ಲಿಯೇ ವಿದ್ಯುತ್ ಕಡಿದರೆ, ಮುಟ್ಟದೆ ಎರಡು ವರ್ಷ ಕೂತಿದ್ದ ಮದುವೆ ವಿಡಿಯೊ ಕೂಡ ಸಿಗದಂತಾಗುತ್ತದೆ. 0 ಬೈಟ್ ತೋರಿಸಿದ್ದು ಇದರಿಂದಲೇ. ಒಳ್ಳೆಯ ಎಸ್‌ಎಸ್‌ಡಿ ನಕ್ಷೆಯ ಹಳೆಯ ಪ್ರತಿಯಿಂದ ಚೇತರಿಸಿಕೊಳ್ಳುತ್ತದೆ. ಆದರೂ ಮನೆ ಬಳಕೆಯ ಎಸ್‌ಎಸ್‌ಡಿಗಳಲ್ಲಿ ಕರೆಂಟ್ ಹೋದಾಗ ಕೆಲಸ ಮುಗಿಸಿಕೊಳ್ಳಲು ಬೇಕಾದ ಕೆಪಾಸಿಟರ್ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಎಸ್‌ಎಸ್‌ಡಿ ಹಾಕಿದವರೂ ರೌಟರಿಗೆ ಬ್ಯಾಕಪ್ ವಿದ್ಯುತ್ ಕೊಡಲೇಬೇಕು.

ನಮ್ಮ ಬಿಸಿಲನ್ನು ಬಿಟ್ಟು ಈ ಮಾತು ಪೂರ್ತಿಯಾಗದು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42 ಡಿಗ್ರಿ ಹೊಸತಲ್ಲ. ಪತ್ರಾ ಹೊದಿಸಿದ ಮೇಲಿನ ಕೋಣೆಯಲ್ಲಿ, ಅಲಮಾರಿ ನೆತ್ತಿಯ ಮೇಲೆ, ರೌಟರಿನ ಸ್ವಂತ ಶಾಖದ ಪಕ್ಕದಲ್ಲಿ ಇನ್ನೂ ಹೆಚ್ಚು. ಕಿಂಗ್‌ಸ್ಟನ್ ಡೇಟಾಟ್ರಾವೆಲರ್ ಡ್ರೈವುಗಳಿಗೆ ಹೇಳಿರುವ ಮಿತಿ 60 ಡಿಗ್ರಿ, 870 ಇವೊದಂಥ ಎಸ್‌ಎಸ್‌ಡಿಗೆ 70. ಉಗುರಿನಷ್ಟು ಪುಟ್ಟ, ಪೋರ್ಟಿನೊಳಗೇ ಅಡಗುವ ಪೆನ್ ಡ್ರೈವುಗಳು ಬರೆಯುವಾಗ ತಾವೇ ಬಿಸಿಯಾಗುತ್ತವೆ, ಶಾಖ ಹೊರಹಾಕಲು ಮೈಯೇ ಇರುವುದಿಲ್ಲ. ರೌಟರಿಗೆ ಅವನ್ನಂತೂ ಬೇಡವೇ ಬೇಡ. ಅವುಗಳಲ್ಲಿ ಚಿಪ್ಪು, ಕಂಟ್ರೋಲರ್ ಎರಡೂ ಒಂದೇ ಅಚ್ಚಿನೊಳಗೆ ಇರುವುದರಿಂದ ಲ್ಯಾಬಿಗೆ ಕೊಟ್ಟರೂ ಮಾಹಿತಿ ತೆಗೆಯುವುದು ಬಲು ಕಷ್ಟ, ಖರ್ಚೂ ಹೆಚ್ಚು.

ಆ ಮನೆಯಲ್ಲಿ ಇನ್ನೊಂದು ಪೆಟ್ಟು ಬಿತ್ತು. ರೌಟರಿನ ಒಳ ಮೆಮೊರಿ ಸಾಲದು ಎಂದು ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ರೌಟರ್ ತಂತ್ರಾಂಶದ ಎಕ್ಸ್‌ಟ್‌ರೂಟ್ (ಸೆಟ್ಟಿಂಗ್, ಪ್ಯಾಕೇಜುಗಳನ್ನು ಹೊರಗಿನ ಡ್ರೈವಿನಲ್ಲಿ ಇಡುವ ವ್ಯವಸ್ಥೆ) ಅನ್ನು ಅದೇ ಪೆನ್ ಡ್ರೈವಿನ ಮೊದಲ ಪಾರ್ಟಿಶನ್ನಿನಲ್ಲಿ ಇಟ್ಟಿದ್ದರು. ಡ್ರೈವ್ ಸಿಗದಿದ್ದಾಗ ರೌಟರ್ ನಿಂತು ಹೋಗುವುದಿಲ್ಲ. ಒಳ ಮೆಮೊರಿಯಲ್ಲಿ ಉಳಿದಿದ್ದ ಹಳೆಯ ಸೆಟ್ಟಿಂಗಿನೊಂದಿಗೆ ಸುಮ್ಮನೆ ಎದ್ದುಬಿಡುತ್ತದೆ. ಎಕ್ಸ್‌ಟ್‌ರೂಟ್ ಮಾಡಿದ ದಿನದ ವೈಫೈ ಹೆಸರು, ಅಂದಿನ ಪಾಸ್‌ವರ್ಡ್, ಆಮೇಲೆ ಮುಚ್ಚಿದ್ದ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಮನೆಯ ಸಾಧನಕ್ಕೆ ಬರಲು ಬಿಟ್ಟ ದಾರಿ) ಎಲ್ಲವೂ ಮರಳಿ ಬಂದವು. ನೆಟ್ ಬರುತ್ತಿದೆಯಲ್ಲ ಎಂದು ಯಾರೂ ನೋಡುವುದಿಲ್ಲ. ಎಕ್ಸ್‌ಟ್‌ರೂಟ್ ಬಳಸುವವರು ಅದನ್ನು ಹೂಡುವ ಮೊದಲೇ ಒಳಗಿನ ಸೆಟ್ಟಿಂಗನ್ನು ಗಟ್ಟಿ ಪಾಸ್‌ವರ್ಡಿನೊಂದಿಗೆ ಸರಿಮಾಡಿಟ್ಟಿರಬೇಕು, ಸೆಟ್ಟಿಂಗ್ ಬ್ಯಾಕಪ್ ಫೈಲನ್ನು ಕಂಪ್ಯೂಟರಿಗೆ ಇಳಿಸಿಟ್ಟಿರಬೇಕು. ಪೆನ್ ಡ್ರೈವಿನ ಮೇಲೆ ಸ್ವ್ಯಾಪ್ (ರ್‍ಯಾಮ್ ಸಾಲದಾಗ ಬಳಸುವ ಜಾಗ) ಹಾಕುವುದಂತೂ ಅದನ್ನು ಬೇಗ ಕೊಲ್ಲುವ ಖಚಿತ ದಾರಿ. ಜಾಹೀರಾತು ತಡೆಯುವ ಆಡ್‌ಗಾರ್ಡ್ ಹೋಮ್‌ನ ಕ್ವೆರಿ ಲಾಗ್ (ಯಾವ ಸಾಧನ ಯಾವ ತಾಣ ಕೇಳಿತು ಎಂಬ ದಾಖಲೆ) ಕೂಡ ಹಗಲು ರಾತ್ರಿ ಬರೆಯುತ್ತಲೇ ಇರುತ್ತದೆ. ಅದನ್ನು ಆಫ್ ಮಾಡಿ, ಇಲ್ಲವೆ ಒಂದು ದಿನಕ್ಕೆ ಇಳಿಸಿ.

ಹಾಗಾದರೆ ಎಸ್‌ಎಸ್‌ಡಿ ತಂದು ಹಚ್ಚಿದರೆ ಮುಗಿಯಿತೇ? ಇಲ್ಲ. ರೌಟರಿನ ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 5 ವೋಲ್ಟಿನಲ್ಲಿ 500 ಮಿಲಿಆಂಪ್, ಅಂದರೆ 2.5 ವಾಟ್. 3.0 ಪೋರ್ಟ್ 900 ಮಿಲಿಆಂಪ್, 4.5 ವಾಟ್. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಬರೆಯುವಾಗ 2ರಿಂದ 4 ವಾಟ್ ಎಳೆಯುತ್ತದೆ. ಅದಕ್ಕಿಂತ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಆದರೆ 5 ವಾಟ್ ದಾಟುವುದು ಸಾಮಾನ್ಯ. ರೌಟರಿನ ಜೊತೆ ಬಂದ 12 ವೋಲ್ಟ್ 1 ಆಂಪ್ ಅಡಾಪ್ಟರಿನ ಒಟ್ಟು ಶಕ್ತಿಯೇ 12 ವಾಟ್, ಅದರಲ್ಲಿ ದೊಡ್ಡ ಪಾಲು ರೌಟರಿಗೇ ಬೇಕು. ಸಾಲದಿದ್ದಾಗ ಡಿಸ್ಕ್ ಕಡಿದು ಕಡಿದು ಬರುತ್ತದೆ, ರೌಟರ್ ತನ್ನೊಳಗೆ ಆದದ್ದನ್ನು ಬರೆದಿಡುವ ಕರ್ನಲ್ ಲಾಗಿನಲ್ಲಿ ಯುಎಸ್‌ಬಿ ರೀಸೆಟ್, ಡಿಸ್ಕನೆಕ್ಟ್ ಎಂಬ ಸಾಲುಗಳು ಸಾಲಾಗಿ ಬೀಳುತ್ತವೆ. ಜನ "ಎಸ್‌ಎಸ್‌ಡಿ ಹಾಳು" ಎಂದು ಅಂಗಡಿಗೆ ಹಿಂದಿರುಗಿಸುತ್ತಾರೆ. ಕೆಟ್ಟಿರುವುದು ಡಿಸ್ಕಲ್ಲ, ವಿದ್ಯುತ್ ಸಾಲದಿರುವುದು. ಎನ್‌ವಿಎಂಇ ಬಿಡಿ, 240 ಜಿಬಿಯ ಸಾಟಾ ಎಸ್‌ಎಸ್‌ಡಿ ಸಾಕು. ಪೋರ್ಟ್ 2.0 ಆದರೆ, ಇಲ್ಲವೆ ಲಾಗಿನಲ್ಲಿ ರೀಸೆಟ್ ಕಂಡರೆ, ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ನಡುವೆ ಹಾಕಿ. ಹಬ್ ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ: ರೌಟರಿನ ಅಡಾಪ್ಟರ್ ಕಿತ್ತು, ಹಬ್ ಮಾತ್ರ ಚಾಲೂ ಇಡಿ. ರೌಟರಿನ ದೀಪ ಮಿಣುಕಿದರೆ ಆ ಹಬ್ ಹಿಂದಕ್ಕೆ ವಿದ್ಯುತ್ ತಳ್ಳುತ್ತಿದೆ, ವಾಪಸ್ ಕೊಡಿ.

ಹಬ್, ರೌಟರ್ ಎರಡೂ ಒಂದೇ ಬ್ಯಾಕಪ್ ಮೇಲೆ ಇರಬೇಕು. ರೌಟರಿಗೆ ಮಿನಿ ಯುಪಿಎಸ್ ಹಾಕಿ ಹಬ್ಬನ್ನು ಗೋಡೆಯ ಸಾಕೆಟ್ಟಿಗೇ ಬಿಟ್ಟರೆ, ಕರೆಂಟ್ ಹೋದಾಗ ರೌಟರ್ ಬರೆಯುತ್ತಲೇ ಇರುತ್ತದೆ, ಡಿಸ್ಕ್ ಮಾತ್ರ ಮಾಯವಾಗುತ್ತದೆ. ಅದಕ್ಕಿಂತ ಎರಡೂ ಒಟ್ಟಿಗೆ ಆರಿದರೇ ವಾಸಿ. ಮನೆಗೆ ಇನ್ವರ್ಟರ್ ಇದ್ದರೆ ಅದನ್ನು ಯುಪಿಎಸ್ ಮೋಡಿನಲ್ಲಿಡಿ. ಸಾಮಾನ್ಯ ಮೋಡಿನಲ್ಲಿ ಬದಲಾಗುವ ಆ ಚಿಕ್ಕ ಅವಧಿಯಲ್ಲೇ ಎಷ್ಟೋ ರೌಟರುಗಳು ರೀಸ್ಟಾರ್ಟ್ ಆಗುತ್ತವೆ.

ಸಾಟಾ ಎಸ್‌ಎಸ್‌ಡಿಯನ್ನು ಒಳಗಿಟ್ಟು ಯುಎಸ್‌ಬಿಗೆ ಬದಲಿಸುವ ಕೇಸಿನಲ್ಲೂ ಒಂದು ಚಿಪ್ಪಿದೆ, ತೊಂದರೆ ಕೊಡುವುದು ಹೆಚ್ಚಾಗಿ ಅದೇ. ಕೆಲವು ಚಿಪ್ಪುಗಳು ಯುಎಎಸ್ ಎಂಬ ವೇಗದ ವಿಧಾನದಲ್ಲಿ ರೌಟರಿನ ಕರ್ನಲ್ ಜೊತೆ ಹೊಂದಿಕೊಳ್ಳದೆ ಮಧ್ಯೆ ನಿಂತುಬಿಡುತ್ತವೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಯುಎಎಸ್‌ನ ಕರ್ನಲ್ ಪ್ಯಾಕೇಜನ್ನು ತೆಗೆದುಹಾಕಿ ರೀಬೂಟ್ ಮಾಡಿದರೆ ಹಳೆಯ ಸಾದಾ ವಿಧಾನದಲ್ಲಿ ಓಡುತ್ತದೆ, ವೇಗ ತುಸು ಇಳಿಯುತ್ತದೆ, ನಿಲ್ಲುವುದು ತಪ್ಪುತ್ತದೆ. ಖಾಲಿಯಾದ ಜಾಗ ಯಾವುದೆಂದು ಡಿಸ್ಕಿಗೆ ತಿಳಿಸುವ ಟ್ರಿಮ್ ಆದೇಶವೂ ಇಂಥ ಕೇಸುಗಳಲ್ಲಿ ಅನೇಕ ವೇಳೆ ದಾಟುವುದಿಲ್ಲ. ಅದಕ್ಕೆ ಹೊಸ ಡಿಸ್ಕಿನಲ್ಲಿ 240 ಜಿಬಿಯ ಪೈಕಿ 200 ಜಿಬಿಗೆ ಮಾತ್ರ ಪಾರ್ಟಿಶನ್ ಮಾಡಿ, ಉಳಿದದ್ದನ್ನು ಮುಟ್ಟದೆ ಬಿಡಿ. ಕಂಟ್ರೋಲರಿಗೆ ಓಡಾಡಲು ಜಾಗ ಸಿಗುತ್ತದೆ.

ಫಾರ್ಮ್ಯಾಟ್ ಇಎಕ್ಸ್‌ಟಿ4 ಇರಲಿ, ನೋಏಟೈಮ್ ಆಯ್ಕೆಯೊಂದಿಗೆ (ಫೈಲ್ ಓದಿದ ಹೊತ್ತನ್ನು ಪ್ರತಿ ಸಲ ಬರೆಯದಂತೆ ತಡೆಯುವುದು). ಫ್ಯಾಟ್32ಕ್ಕೆ ಜರ್ನಲ್ (ಬದಲಾವಣೆಯನ್ನು ಮೊದಲೇ ಗುರುತು ಹಾಕಿಕೊಳ್ಳುವ ದಾಖಲೆ) ಇಲ್ಲ, 4 ಜಿಬಿಗೆ ಮೇಲಿನ ಫೈಲ್ ಹಿಡಿಸುವುದಿಲ್ಲ. ಕಂಪನಿಯ ಮೂಲ ಫರ್ಮ್‌ವೇರ್ ಇಎಕ್ಸ್‌ಟಿ4 ಓದದಿದ್ದರೆ ಎನ್‌ಟಿಎಫ್‌ಎಸ್ ವಾಸಿ, ಆದರೆ ಹಳೆಯ ರೌಟರಿನ ದುರ್ಬಲ ಪ್ರೊಸೆಸರಿನಲ್ಲಿ ನಿಧಾನ. ಡಿಸ್ಕನ್ನು ಯುಯುಐಡಿ (ಪಾರ್ಟಿಶನ್ನಿನ ಗುರುತು ಸಂಖ್ಯೆ) ಮೂಲಕವೇ ಮೌಂಟ್ ಮಾಡಿ, ಅಂದರೆ ರೌಟರಿನ ಒಂದು ಫೋಲ್ಡರಿಗೆ ಜೋಡಿಸಿ; ಆ ಫೋಲ್ಡರೇ ಮೌಂಟ್ ಪಾಯಿಂಟ್. ಇನ್ನೊಂದು ಮುಖ್ಯ ಮಾತು: ಕ್ಯಾಮೆರಾ ರೆಕಾರ್ಡಿಂಗನ್ನು ನೇರವಾಗಿ ಮೌಂಟ್ ಪಾಯಿಂಟಿಗೆ ಕಳಿಸಬೇಡಿ, ಡಿಸ್ಕಿನೊಳಗೆ ಮಾಡಿದ ಒಂದು ಫೋಲ್ಡರಿಗೆ ಕಳಿಸಿ, ಫೋಲ್ಡರ್ ಇಲ್ಲದಿದ್ದರೆ ತಾನೇ ಹುಟ್ಟಿಸುವ ಆಯ್ಕೆ ಇದ್ದರೆ ಆಫ್ ಮಾಡಿ. ಡಿಸ್ಕ್ ಏಳದ ದಿನ ಮೌಂಟ್ ಪಾಯಿಂಟ್ ಎಂಬುದು ರೌಟರಿನ ಒಳ ಮೆಮೊರಿಯ ಒಂದು ಖಾಲಿ ಫೋಲ್ಡರ್ ಅಷ್ಟೇ. ಕ್ಯಾಮೆರಾ ಅದನ್ನೇ ತುಂಬಿಸಿ ರೌಟರನ್ನು ಮಲಗಿಸುತ್ತದೆ.

ಯುಎಸ್‌ಬಿ 3.0 ಕೇಬಲ್ಲಿನಿಂದ ಹೊಮ್ಮುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ವೈಫೈಗೆ ಅಡ್ಡಬರುತ್ತದೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ದಪ್ಪ ಕಲ್ಲಿನ ಗೋಡೆಯ ನಮ್ಮ ಹಳೆಯ ಮನೆಗಳಲ್ಲಿ 5 ಗಿಗಾಹರ್ಟ್ಸ್ ಒಳಕೋಣೆಗೆ ಮುಟ್ಟುವುದಿಲ್ಲ, ಎಲ್ಲರೂ 2.4ರ ಮೇಲೆಯೇ ಇರುತ್ತಾರೆ. ಡಿಸ್ಕ್ ಹಚ್ಚಿದ ದಿನದಿಂದ ಅಡುಗೆಮನೆಯಲ್ಲಿ ನೆಟ್ ಬರುತ್ತಿಲ್ಲ ಎಂದರೆ ಕಾರಣ ಇದೇ ಇರಬಹುದು. ಡಿಸ್ಕನ್ನು ಆಂಟೆನಾದಿಂದ ಒಂದು ಮೊಳ ದೂರ ಇಡಿ, ಅಥವಾ ಪೋರ್ಟನ್ನು 2.0ಕ್ಕೆ ಇಳಿಸಿ. ಸೆಕೆಂಡಿಗೆ 30 ಎಂಬಿಯಷ್ಟು ಆಗಲೂ ಸಿಗುತ್ತದೆ, ಕ್ಯಾಮೆರಾಗೂ ಫೋಟೊಗೂ ಧಾರಾಳ.

ಪೆನ್ ಡ್ರೈವ್ ಪೂರ್ತಿ ನಿಷಿದ್ಧವೇನಲ್ಲ. ಹಾಡು, ಸಿನಿಮಾ ತುಂಬಿ ಟಿವಿಯಲ್ಲಿ ನೋಡಲು, ಓದುವುದಕ್ಕೆ ಮಾತ್ರ ಮೌಂಟ್ ಮಾಡಿ ಇಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಆದರೆ ತಂದ ದಿನವೇ ಗಾತ್ರ ಪರೀಕ್ಷಿಸಿ: ಲಿನಕ್ಸಿನಲ್ಲಿ ಎಫ್3, ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು ಎಂಬ ತಂತ್ರಾಂಶಗಳಿವೆ. ಪೂರ್ತಿ ತುಂಬಿಸಿ ಮತ್ತೆ ಓದಿ ನೋಡುತ್ತವೆ. ಸೆಕೆಂಡಿಗೆ 10 ಎಂಬಿ ವೇಗದ 64 ಜಿಬಿ ಡ್ರೈವ್ ತುಂಬಲು ಒಂದೂ ಮುಕ್ಕಾಲು ಗಂಟೆ ಬೇಕು. ಸಾವಿರ ರೂಪಾಯಿಗೆ 2 ಟಿಬಿ, ಎರಡು ಸಾವಿರಕ್ಕೆ 16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ ಎಂದು ಆನ್‌ಲೈನಿನಲ್ಲಿ ಕಂಡರೆ ಮುಟ್ಟಬೇಡಿ. ಅಂಥ ಡಬ್ಬಿಗಳನ್ನು ಬಿಚ್ಚಿದಾಗ ಒಳಗೆ ಸಿಗುವುದು ಒಂದು ಸಣ್ಣ ಮೆಮೊರಿ ಕಾರ್ಡ್; ತುಂಬಿದ ಮೇಲೆ ಹಳೆಯದರ ಮೇಲೆಯೇ ಬರೆಯುತ್ತಾ ಹೋಗುತ್ತದೆ.

ಈಗಾಗಲೇ ನಿಮ್ಮ ರೌಟರಿನಲ್ಲಿ ಪೆನ್ ಡ್ರೈವ್ ಇದ್ದರೆ ಇವತ್ತೇ ಕರ್ನಲ್ ಲಾಗ್ ತೆರೆಯಿರಿ. ಐ/ಒ ಎರರ್, ಇಎಕ್ಸ್‌ಟಿ4 ಎರರ್, ರೀಡ್‌ಓನ್ಲಿಯಾಗಿ ಮತ್ತೆ ಮೌಂಟ್ ಆದ ಸಾಲು ಕಂಡರೆ ರೌಟರನ್ನು ಕ್ರಮವಾಗಿ ಆರಿಸಿ, ಡ್ರೈವ್ ಕಿತ್ತು ಕಂಪ್ಯೂಟರಿಗೆ ಹಚ್ಚಿ. ರೀಡ್‌ಓನ್ಲಿ ಆಗಿರುವುದು ಒಳ್ಳೆಯದೇ. ತಪ್ಪು ಕಂಡ ಕರ್ನಲ್ ಬರೆಯುವುದನ್ನು ನಿಲ್ಲಿಸಿದೆ, ಇರುವುದನ್ನು ಎತ್ತಿಕೊಳ್ಳಲು ಸಿಕ್ಕ ಅವಕಾಶ ಅದು. ವಿಂಡೋಸ್ "ಸ್ಕ್ಯಾನ್ ಮಾಡಿ ಸರಿಪಡಿಸಲೇ" ಎಂದು ಕೇಳಿದರೆ ಬೇಡ ಎನ್ನಿ, ಅದು ಸಾಯುತ್ತಿರುವ ಚಿಪ್ಪಿಗೆ ಬರೆಯಲು ಹೋಗುತ್ತದೆ. ಫಾರ್ಮ್ಯಾಟ್ ಬೇಡ. ಫೋಟೊ ಮೊದಲು, ಆಮೇಲೆ ವಿಡಿಯೊ, ಕ್ಯಾಮೆರಾ ರೆಕಾರ್ಡಿಂಗ್ ಕೊನೆಗೆ ಪ್ರತಿ ಮಾಡಿ. ನಡುವೆ ನಿಂತರೆ ಕಿತ್ತು ಅರ್ಧ ಗಂಟೆ ಆರಲು ಬಿಡಿ, ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಇಡೀ ಡ್ರೈವಿನ ಇಮೇಜ್ (ತದ್ರೂಪು ಪ್ರತಿ) ತೆಗೆಯಿರಿ. ಓದಲಾಗದ ಜಾಗ ಹಾರಿಸಿ ಮುಂದಕ್ಕೆ ಹೋಗಿ, ಆಮೇಲೆ ಹಿಂದಿರುಗಿ ಬರುವುದು ಅದಕ್ಕೆ ಗೊತ್ತು. ಎತ್ತಿದ್ದನ್ನು ಎರಡು ಕಡೆ ಇಡಿ, ಒಂದು ರೌಟರಿನ ಹೊರಗೆ. ಸವೆದ ಹಳೆಯ ಎಸ್‌ಎಸ್‌ಡಿಯನ್ನೇ ಎರಡನೆಯ ಪ್ರತಿ ಎಂದು ಅಟ್ಟದ ಮೇಲೆ ಇಡಬೇಡಿ: ಬಾಳಿಕೆಯ ಮಿತಿ ಮುಟ್ಟಿದ ಮನೆಬಳಕೆಯ ಎಸ್‌ಎಸ್‌ಡಿ ವಿದ್ಯುತ್ ಇಲ್ಲದೆ ಮಾಹಿತಿ ಉಳಿಸಿಕೊಳ್ಳಬೇಕೆಂದು ಚಿಪ್ ಉದ್ಯಮದ ಸಂಸ್ಥೆಯಾದ ಜೆಡೆಕ್‌ನ ಮಾನದಂಡ ಕೇಳುವುದು 30 ಡಿಗ್ರಿಯಲ್ಲಿ ಒಂದು ವರ್ಷ ಮಾತ್ರ, ಶಾಖ ಏರಿದಂತೆ ಆ ಅವಧಿ ಕುಗ್ಗುತ್ತದೆ. ಅಟ್ಟಕ್ಕಿಂತ ಕೆಳಗಿನ ಕೋಣೆಯ ತಣ್ಣಗಿನ ಅಲಮಾರಿಯಲ್ಲಿ ಒಂದು ಸಾದಾ ಹಾರ್ಡ್ ಡಿಸ್ಕ್ ಇಡಿ, ಯುಗಾದಿಗೂ ದೀಪಾವಳಿಗೂ ಒಮ್ಮೆ ಹಚ್ಚಿ ತೆರೆದು ನೋಡಿ.