ಎರಡು ಪ್ರೊಸೆಸರ್ ಬೇಕೇ ಬೇಕು ಅನ್ನುವವರಿಗೆ: ಸೂಪರ್‌ಮೈಕ್ರೋ ಎಕ್ಸ್10ಡಿಆರ್‌ಎಲ್-ಐ ಮದರ್‌ಬೋರ್ಡ್

ಮೊದಲೇ ಹೇಳಿಬಿಡುತ್ತೇನೆ, ಗೇಮ್ ಆಡೋಕೆ ಎರಡು ಪ್ರೊಸೆಸರ್‌ನ ಕಂಪ್ಯೂಟರ್ ಬೇಡ. ಸುಮ್ನೆ ದುಡ್ಡು ದಂಡ. ನನಗೆ ಬೇಕಾಗಿದ್ದು ಬೇರೆ ಕೆಲಸಕ್ಕೆ. ಬಳ್ಳಾರಿಯಲ್ಲಿ ಮನೆಯಲ್ಲೇ ಕೂತು ಡ್ರೋನ್ ಸರ್ವೆ ಕೆಲಸ ಮಾಡುತ್ತೇನೆ, ಸಂಡೂರು ಕಡೆಯ ಗಣಿಗಳದ್ದೇ ಜಾಸ್ತಿ. ಒಂದು ಸೈಟ್ ಅಂದರೆ ಸಾವಿರದ ಮೇಲೆ ಫೋಟೋ. ಅಷ್ಟನ್ನೂ ಓಪನ್‌ಡ್ರೋನ್‌ಮ್ಯಾಪ್‌ಗೆ ಹಾಕಿ ನಕ್ಷೆ ತೆಗೆಯಬೇಕು, ಅದಿರಿನ ರಾಶಿ ಎಷ್ಟಿದೆ ಅಂತ ಲೆಕ್ಕ ಹಾಕಬೇಕು. ಈ ಸಾಫ್ಟ್‌ವೇರ್‌ಗೆ ರ‍್ಯಾಮ್ ಎಷ್ಟು ಕೊಟ್ಟರೂ ಸಾಲದು. ಅರ್ಧ ರಾತ್ರಿ ಓಡಿ, ಮೆಮೊರಿ ಸಾಲದೆ ನಿಂತುಬಿಟ್ಟರೆ ಬೆಳಿಗ್ಗೆ ಮತ್ತೆ ಮೊದಲಿಂದ. ಹಾಗಾಗಿ ನಾನು ನೋಡಿದ್ದು ವೇಗಕ್ಕಿಂತ ಮೊದಲು ರ‍್ಯಾಮ್ ಸ್ಲಾಟ್‌ಗಳನ್ನು.

ಪ್ರೊಸೆಸರ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಇಂಟೆಲ್ ಝಿಯಾನ್ ಇ5-2680 ವಿ4, 2016ರ ಮಾಲು. ಒಂದೊಂದರಲ್ಲಿ 14 ಕೋರ್. ಡೇಟಾ ಸೆಂಟರ್‌ನವರು ತೆಗೆದುಹಾಕಿದ್ದು ಸೆಕೆಂಡ್ ಹ್ಯಾಂಡ್‌ನಲ್ಲಿ ಬೇಕಾದಷ್ಟು ಸಿಗುತ್ತದೆ. ಒಂದು ವಿಷಯ ಮಾತ್ರ ಗಮನಿಸಿ: ಇ5 ಆದಮೇಲೆ ಬರುವ ಮೊದಲ ಅಂಕಿ. 2 ಇದ್ದರೆ ಜೋಡಿಯಾಗಿ ಓಡುತ್ತದೆ, 1 ಇದ್ದರೆ ಒಂಟಿ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರ ಎರಡು ಇ5-1650 ಸೇರಿಸಿ "ಡ್ಯುಯಲ್ ಪ್ರೊಸೆಸರ್ ಕಿಟ್" ಅಂತ ಮಾರುತ್ತಿದ್ದ! ಕೇಳಿದರೆ ಉತ್ತರವೇ ಇಲ್ಲ.

ಬೋರ್ಡ್‌ಗೆ ಬಂದರೆ, ಮೊದಲು ಮನಸ್ಸು ಹೋಗಿದ್ದು ಏಸಸ್ ಝಡ್10ಪಿಇ-ಡಿ16 ಡಬ್ಲ್ಯುಎಸ್ ಮೇಲೆ. 16 ರ‍್ಯಾಮ್ ಸ್ಲಾಟ್, ಆಡಿಯೊ, ನೋಡೋಕೂ ಚೆಂದ. ಆದರೆ ಅದು ಇಇಬಿ ಸೈಜ್, 12 ಇಂಚು ಉದ್ದ, 13 ಇಂಚು ಅಗಲ. ಬಳ್ಳಾರಿಯ ಬೆಂಗಳೂರು ರೋಡಿನಲ್ಲಿ ನಾನು ಯಾವಾಗಲೂ ಹೋಗುವ ಅಂಗಡಿಯ ಹುಡುಗ ಟೇಪ್ ಹಿಡಿದು ಕ್ಯಾಬಿನೆಟ್ ಒಳಗೆ ಅಳೆದು, "ಅಣ್ಣಾ, ಇದು ಹಿಡಿಸಲ್ಲ. ಹೊಸ ಕ್ಯಾಬಿನೆಟ್ ತರಿಸಬೇಕು, ಬರೋದು ತಿಂಗಳಾಗುತ್ತೆ" ಅಂದ. ಅಲ್ಲಿಗೆ ಆ ಆಸೆ ಮುಗಿಯಿತು. ಎಕ್ಸ್10ಡಿಆರ್‌ಎಲ್-ಐ 12 ಇಂಚು ಉದ್ದ, 10 ಇಂಚು ಅಗಲ. ಮಾಮೂಲಿ ಎಟಿಎಕ್ಸ್ ಸೈಜಿನ ಬೋರ್ಡ್‌ಗಿಂತ ಅರ್ಧ ಇಂಚೂ ಜಾಸ್ತಿ ಇಲ್ಲ. ನನ್ನ ಹಳೇ ಕ್ಯಾಬಿನೆಟ್‌ನಲ್ಲೇ ಕೂತಿತು, ಕೇಬಲ್ ತೂರಿಸುವ ತೂತಿನ ರಬ್ಬರ್ ಮೇಲೆ ಚೂರು ಅಂಚು ಬಂತು, ಅಷ್ಟೇ. ಪ್ರೊಸೆಸರ್ ಕೂರುವ ಸಾಕೆಟ್ ಎರಡು, 8 ರ‍್ಯಾಮ್ ಸ್ಲಾಟ್, ಸಿ612 ಚಿಪ್‌ಸೆಟ್. ನನಗೆ ಸಾಕು.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಕೈಯಲ್ಲಿ ಹಿಡಿದು ನೋಡಿಯೇ ತಂದೆ. ಬಳಸಿದ ಮಾಲಿಗೆ ಎಂ.ಆರ್.ಪಿ. ಅಂತ ಏನೂ ಇಲ್ಲ, ಚೌಕಾಸಿ ಬಲ್ಲವನಿಗೆ ಒಂದು ಬೆಲೆ. ಆದರೆ ಬೆಲೆಗಿಂತ ಮುಂಚೆ ಪಿನ್ ನೋಡಬೇಕು. ಈ ಸಾಕೆಟ್‌ನಲ್ಲಿ ಪಿನ್ ಇರುವುದು ಬೋರ್ಡ್ ಕಡೆ, ಒಂದೊಂದರಲ್ಲಿ 2011. ಪ್ಲಾಸ್ಟಿಕ್ ಮುಚ್ಚಳ ತೆಗೆಸಿ. ಮೊಬೈಲ್ ಟಾರ್ಚನ್ನು ಮೇಲಿಂದ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಬಿಡಿ. ಎಲ್ಲಾ ಪಿನ್ನೂ ಒಂದೇ ದಿಕ್ಕಿಗೆ ಮಿಂಚಬೇಕು. ಎಲ್ಲಾದರೂ ಒಂದು ಕಪ್ಪು ಚುಕ್ಕಿಯಂತೆ ಕಂಡರೆ ಅದು ಬಗ್ಗಿದೆ ಅಂತಲೇ. ಬಗ್ಗಿದ ಪಿನ್ ಇದ್ದರೂ ಕಂಪ್ಯೂಟರ್ ಆನ್ ಆಗಬಹುದು, ಒಂದು ರ‍್ಯಾಮ್ ಚಾನಲ್ ಮಾತ್ರ ಕಾಣೆಯಾಗಿರುತ್ತದೆ. ಮನೆಗೆ ಬಂದಮೇಲೆ ಅದು ನಿಮ್ಮ ತಲೆನೋವು. ಅಂಗಡಿಯವರು ಮೊದಲು ತೋರಿಸಿದ ಬೋರ್ಡನ್ನು ಹೀಗೇ ವಾಪಸ್ ಕೊಟ್ಟು ಇನ್ನೊಂದು ತೆಗೆಸಿದೆ. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ.

ಕೂಲರ್‌ನದ್ದು ಇನ್ನೊಂದು ಕಥೆ. ಈ ಸಾಕೆಟ್‌ನಲ್ಲಿ ಕೂಲರ್ ಸ್ಕ್ರೂ ಕೂರುವ ಜಾಗ ಎರಡು ಥರ ಇದೆ. ಚೌಕದ್ದು 80 ಮಿ.ಮೀ. ಆಚೆ ಈಚೆ, ಕಿರಿದಾದದ್ದು 56ಕ್ಕೆ 94. ಒಂದರ ಕೂಲರ್ ಇನ್ನೊಂದಕ್ಕೆ ಕೂರಲ್ಲ. ಬೋರ್ಡ್ ಮೇಲೆ ಸ್ಕೇಲ್ ಇಟ್ಟು ಅಳೆದು ಆಮೇಲೆ ಕೂಲರ್ ತನ್ನಿ. ಪವರ್ ಸಪ್ಲೈನಲ್ಲಿ ಪ್ರೊಸೆಸರ್‌ಗೆ ಹೋಗುವ 8 ಪಿನ್‌ನ ವೈರ್ ಎರಡು ಇರಬೇಕು. ನಮ್ಮೂರ ಅಂಗಡಿಗಳಲ್ಲಿ ಸಿಗುವ ಅಗ್ಗದ ಸಪ್ಲೈಗಳಲ್ಲಿ ಒಂದೇ ಇರುತ್ತದೆ.

ರ‍್ಯಾಮ್ ರಿಜಿಸ್ಟರ್ಡ್ ಇಸಿಸಿ ಡಿಡಿಆರ್4, ಅಂದರೆ ಸರ್ವರ್‌ದು. ಹಳೇ ಡೆಸ್ಕ್‌ಟಾಪ್‌ನ ರ‍್ಯಾಮನ್ನು ಇದರ ಜೊತೆ ಬೆರೆಸೋಕೆ ಆಗಲ್ಲ. 16 ಜಿಬಿಯ 8 ಸ್ಟಿಕ್ ಹಾಕಿ 128 ಜಿಬಿ ಮಾಡಿದೆ. ದುಡ್ಡು ಕಡಿಮೆ ಇದ್ದರೆ 4 ಸ್ಟಿಕ್ ಸಾಕು, ಆದರೆ ಆ ಕಡೆ ಎರಡು, ಈ ಕಡೆ ಎರಡು ಹಂಚಿ. ಒಂದೊಂದು ಪ್ರೊಸೆಸರ್‌ಗೂ ತನ್ನದೇ ರ‍್ಯಾಮ್. ನಾಲ್ಕನ್ನೂ ಒಂದೇ ಕಡೆ ತುಂಬಿದರೆ ಇನ್ನೊಂದು ಪ್ರೊಸೆಸರ್ ಪ್ರತಿ ಸಲ ಉಪ್ಪು ಬೇಕಾದರೂ ಪಕ್ಕದ ಮನೆಗೆ ಹೋಗಬೇಕು.

ಈ ಬೋರ್ಡಿನಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಐಪಿಎಂಐ, ಅಂದರೆ ಕಂಪ್ಯೂಟರನ್ನು ದೂರದಿಂದಲೇ ನಡೆಸುವ ಸೌಲಭ್ಯ. ಅದಕ್ಕೇ ಪ್ರತ್ಯೇಕ ನೆಟ್‌ವರ್ಕ್ ಪೋರ್ಟ್ ಇದೆ. ಸಂಡೂರಿನ ಸೈಟ್‌ನಲ್ಲಿ ನಿಂತು ಲ್ಯಾಪ್‌ಟಾಪ್‌ನಿಂದ ವಿಪಿಎನ್ ಮೂಲಕ ಮನೆಯ ಕಂಪ್ಯೂಟರ್ ಆನ್ ಮಾಡಬಹುದು, ಬಯಾಸ್ ಪರದೆಯನ್ನೂ ನೋಡಬಹುದು. ಹಳೇ ಬೋರ್ಡ್‌ಗಳಲ್ಲಿ ಇದರ ಲಾಗಿನ್ ಹೆಸರು, ಪಾಸ್‌ವರ್ಡ್ ಎರಡೂ ಅಡ್ಮಿನ್ ಅಂತಲೇ ಇರುತ್ತದೆ. ಮೊದಲ ದಿನವೇ ಬದಲಿಸಿ.

ಸದ್ದಿನ ಬಗ್ಗೆ ಹೇಳಲೇಬೇಕು. ಸರ್ವರ್ ಬೋರ್ಡ್‌ಗಳು ಮನೆಗೆ ಅಂತ ಮಾಡಿದ್ದಲ್ಲ. ನಾವು ಹಾಕುವ ಫ್ಯಾನ್ ನಿಧಾನವಾಗಿ ತಿರುಗಿದರೆ, "ಫ್ಯಾನ್ ಕೆಟ್ಟಿದೆ" ಅಂದುಕೊಂಡು ಎಲ್ಲವನ್ನೂ ಜೋರಾಗಿ ಓಡಿಸಿ, ಮತ್ತೆ ಇಳಿಸಿ, ಮತ್ತೆ ಏರಿಸುತ್ತವೆ. ಐಪಿಎಂಐಟೂಲ್ ಅನ್ನುವ ಪ್ರೋಗ್ರಾಂನಲ್ಲಿ ಫ್ಯಾನ್‌ನ ಕನಿಷ್ಠ ವೇಗದ ಮಿತಿ ಇಳಿಸಿದರೆ ಸರಿಹೋಗುತ್ತದೆ. ಆನ್ ಆಗೋಕೂ ಸಮಯ ಬೇಕು. ಬಟನ್ ಒತ್ತಿ ಚಹಾಕ್ಕೆ ಇಡಬಹುದು.

ಆಡಿಯೊ ಇಲ್ಲ, ಯುಎಸ್‌ಬಿಯ ಚಿಕ್ಕ ಸೌಂಡ್ ಕಾರ್ಡ್ ಹಾಕಿಕೊಂಡೆ. ಚಿಕ್ಕ ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್ ಇಲ್ಲ. ಗ್ರಾಫಿಕ್ಸ್ ಕಾರ್ಡ್‌ಗೆ ಪೂರ್ತಿ ಎಕ್ಸ್16 ಸ್ಲಾಟ್ ಒಂದೇ. ವಿಂಡೋಸ್ ಹೋಮ್ ಹಾಕಿದರೆ ಎರಡನೇ ಪ್ರೊಸೆಸರ್ ಲೆಕ್ಕಕ್ಕೇ ಬರಲ್ಲ, ಪ್ರೊ ಬೇಕು. ನಾನು ಉಬುಂಟು ಹಾಕಿದ್ದೇನೆ, ಆ ತಾಪತ್ರಯ ಇಲ್ಲ.

ಕರೆಂಟ್ ವಿಷಯ. ಕುಡುತಿನಿಯಲ್ಲಿ 1700 ಮೆಗಾವಾಟ್‌ನ ಥರ್ಮಲ್ ಸ್ಟೇಷನ್ ಇದೆ, ಬಳ್ಳಾರಿಯಲ್ಲಿ ಕರೆಂಟ್ ಮಾತ್ರ ಹೋಗುತ್ತಲೇ ಇರುತ್ತದೆ. ಪ್ರೊಸೆಸರ್ ಎರಡೇ ಸೇರಿ 240 ವಾಟ್. 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್. ಗ್ರಾಫಿಕ್ಸ್ ಕಾರ್ಡ್ ಸೇರಿದರೆ ಅದು ಕಿರುಚಿ ಆರಿಹೋಗುತ್ತದೆ, ದೊಡ್ಡದೇ ಬೇಕು. ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ದಾಟಿರುವಾಗ ದೊಡ್ಡ ಕೆಲಸಗಳನ್ನೆಲ್ಲ ರಾತ್ರಿಗೇ ಇಡುತ್ತೇನೆ. ಹಗಲು ಓಡಿಸಿದರೆ ಆ ಕೋಣೆಯಲ್ಲಿ ಕೂರೋಕಾಗಲ್ಲ. ಧೂಳಿಗೆ ಮುಂದಿನ ಫ್ಯಾನ್‌ಗಳಿಗೆ ಜಾಲರಿ ಹಾಕಿ, ಆಗಾಗ ತೊಳೆಯಿರಿ. ಸೈಟ್‌ನಿಂದ ಬಂದ ಬ್ಯಾಗನ್ನು ಅದರ ಪಕ್ಕ ಇಟ್ಟರಂತೂ ಜಾಲರಿ ಕೆಂಪಗಾಗುತ್ತದೆ.

ವೇಗವೇ ಬೇಕೆಂದರೆ 2022ರಲ್ಲಿ ಬಂದ 16 ಕೋರ್‌ನ ರೈಜನ್ 9 7950ಎಕ್ಸ್ ಒಂದೇ ಈ ಎರಡನ್ನೂ ಹಿಂದೆ ಹಾಕುತ್ತದೆ, ಕರೆಂಟೂ ಕಡಿಮೆ. ಆದರೆ ಅದರ ಬೋರ್ಡ್‌ಗಳಲ್ಲಿ ರ‍್ಯಾಮ್ ಸ್ಲಾಟ್ ಹೆಚ್ಚೆಂದರೆ ನಾಲ್ಕು, ನನಗೆ ಅಲ್ಲೇ ತೊಡಕು. ಜೀನ್ಸ್ ಯೂನಿಟ್ ಇಟ್ಟಿರುವ ನನ್ನ ಗೆಳೆಯ ಇದನ್ನು ನೋಡಿ, ಪ್ಯಾಟರ್ನ್ ಡಿಸೈನ್‌ಗೆ ತನಗೂ ಇಂಥದ್ದೇ ಕಟ್ಟಿಸಿಕೊಡು ಅಂದ. ಬೇಡ ಮಾರಾಯ, ನಿನ್ನ ಕೆಲಸಕ್ಕೆ ಐ5 ಸಾಕು, ಉಳಿದ ದುಡ್ಡಲ್ಲಿ ಒಳ್ಳೇ ಮಾನಿಟರ್ ತಗೋ ಅಂದೆ.